ಎದುರುಮನೆಯ ಬಾಂಧಣಿ

ನಮ್ಮ ಮನೆಗೆ ಯಾವ ವಸ್ತುವೂ ಬೇಕಾಗಿ ಬಂದಿದ್ದಲ್ಲ. ಎದುರುಮನೆಗೆ ಬಂತು, ಆದ್ದರಿಂದ ನಮ್ಮ ಮನೆಗೂ ಬಂತು. ಸೀಮೆಎಣ್ಣೆ ಸ್ಟೋವು ಹಾಗೇ ಬಂತು, ರೇಡಿಯೊ ಹಾಗೇ ಬಂತು, ಬಾಗಿಲಿಗೆ ಇಳಿಬಿಡುವ ಮಣಿಪರದೆ ಹಾಗೇ ಬಂದು ದಿನಾಲೂ ನಮ್ಮ ಅತ್ತೆಯ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಹೊಟ್ಟೆಕಿಚ್ಚು ಒಳ್ಳೆಯದಲ್ಲ ಅಂತ ಪುರಾಣ ಹೇಳುವ ಸ್ವಾಮಿಗಳು ಪ್ರತಿ ಶ್ರಾವಣದಲ್ಲೂ ಹೇಳುತ್ತಿದ್ದರು. ಪಾಪ, ಮಠಕ್ಕೆ ಎದುರುಮನೆ ಇರುವುದಿಲ್ಲ.

ಇದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಮಾತು, ಇನ್ನೂ ಕಲ್ಲಿದ್ದಲಿನ ಇಂಜಿನ್ ಓಡುತ್ತಿದ್ದ ಕಾಲದ್ದು. ನಮ್ಮವರು ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತರು. ಎದುರುಮನೆಯ ಯಜಮಾನರು ಇಂಜಿನ್ ಡ್ರೈವರು. ನಮ್ಮವರು ಟಿಕೀಟು ಕೊಟ್ಟರೇ ಜನ ಅವರ ಗಾಡಿ ಹತ್ತಬೇಕು. ಅಂದರೆ ದುಡಿಮೆ ಇಬ್ಬರದೂ ಇತ್ತು, ಸೀಟಿ ಹೊಡೆಯುವ ಭಾಗ್ಯ ಮಾತ್ರ ಅವರದಾಗಿತ್ತು. ದೂರದಲ್ಲಿ ಸೀಟಿ ಕೇಳಿದರೆ ಸಾಕು, ಎದುರುಮನೆಯಾಕೆ ಅಡಿಗೆಮನೆಯಿಂದಲೇ “ನಮ್ಮನಿಯವ್ರು ಬಂದ್ರು” ಅನ್ನುತ್ತಿದ್ದಳು. ನಮ್ಮವರು ಬಂದದ್ದು ಹೊರಗೆ ಚಪ್ಪಲಿ ನೋಡಿದ ಮೇಲೇ ನನಗೆ ಗೊತ್ತಾಗುತ್ತಿತ್ತು.

೧. ಡಬ್ಬಿ ಬಂತು

ಎದುರುಮನೆಯಾಕೆಯ ಅಣ್ಣ ಹೈದರಾಬಾದಿನಲ್ಲಿದ್ದ. ಒಮ್ಮೆ ಬರುವಾಗ ತಂಗಿಗೆ ಒಂದು ರಟ್ಟಿನ ಡಬ್ಬಿ ತಂದುಕೊಟ್ಟ. ಮನೆಯಲ್ಲೇ ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕಿ ಬಾಂಧಣಿ ಮಾಡಿಕೊಳ್ಳುವ ಡಬ್ಬಿ, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು. ಒಳಗೆ ಬಣ್ಣದ ಪುಡಿಯ ಪುಟ್ಟ ಪುಟ್ಟ ಪೊಟ್ಟಣಗಳು, ಗಟ್ಟಿ ದಾರದ ಉಂಡೆ, ರಬ್ಬರಿನ ಕೈಗವಸು, ಹೇಗೆ ಮಾಡಬೇಕೆಂದು ಚಿತ್ರ ಬರೆದ ಕಾಗದ. ಆಕೆ ಒಂದು ಬಿಳಿ ಸೀರೆಯನ್ನು ಗಂಟು ಕಟ್ಟಿ ಅದ್ದಿ ತೆಗೆದಳು ನೋಡಿ, ಕುಂಕುಮದ ಕೆಂಪಿನ ಮೇಲೆ ಬೆಳ್ಳನೆಯ ಉಂಗುರಗಳು! ಅದನ್ನುಟ್ಟು ನಳದ ಹತ್ತಿರ ಬಂದ ದಿನ ಕ್ವಾರ್ಟರ್ಸಿನ ಹೆಂಗಸರೆಲ್ಲ ಕೊಡ ತುಂಬಿ ಹರಿಯುತ್ತಿದ್ದರೂ ನೋಡುತ್ತ ನಿಂತರು. ನನ್ನ ಕೊಡವೂ ಹರಿಯಿತು. ನಾನು ಮಾತ್ರ ಹರಿಯುವ ನೀರನ್ನೇ ನೋಡುತ್ತಿದ್ದೆ ಎಂಬಂತೆ ನಿಂತಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಆದರೆ ಅಂದು ಮಧ್ಯಾಹ್ನ ಊಟಕ್ಕೆ ಕೂತ ನಮ್ಮವರು ರೊಟ್ಟಿ ಮುರಿಯುತ್ತ, “ಎದುರುಮನಿಯವ್ರ ಸೀರಿ ಛಲೋ ಅದ” ಅಂದರು.

ನಮ್ಮವರ ಬಾಯಿಂದ ದಿನಕ್ಕೆ ಬೀಳುವ ಮಾತು ಕಡಿಮೆ. ಇದ್ದಬದ್ದ ಮಾತನ್ನೆಲ್ಲ ಕಿಟಕಿಯ ಆಚೆಯವರಿಗೆ “ಎಲ್ಲಿಗಿ? ಎಷ್ಟು ಮಂದಿ? ಚಿಲ್ಲರ ಕೊಡು” ಅಂತ ಖರ್ಚು ಮಾಡಿ ಬರುತ್ತಿದ್ದರು. ಮದುವೆಯ ಧಾರೆ ಸೀರೆಯಿಂದ ಹಿಡಿದು ಅಂದಿನವರೆಗೆ ನಾನುಟ್ಟ ಒಂದೇ ಒಂದು ಸೀರೆಗೂ ಆ ಬಾಯಿಂದ “ಛಲೋ ಅದ” ಬಂದಿರಲಿಲ್ಲ. ಎದುರುಮನೆಗೆ ಪುಕ್ಕಟೆ ಹೋಯಿತು. ನನ್ನ ಹೊಟ್ಟೆಯೊಳಗೆ ಕಲ್ಲಿದ್ದಲು ಬಿತ್ತು. ಆ ಡಬ್ಬಿ ನಾನೂ ತರಿಸಬೇಕು, ಆಕೆಗಿಂತ ಒಂದು ಕೈ ಮೇಲಾದ ಸೀರೆ ಮಾಡಬೇಕು, ಅದನ್ನುಟ್ಟು ಇವರ ಮುಂದೆ ಸುಳಿದಾಡಿ “ಛಲೋ ಅದ” ಅನ್ನಿಸಬೇಕು. ಅನ್ನಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಆದರೂ ಒಮ್ಮೆ ಪರೀಕ್ಷೆ ಮಾಡೋಣ ಅನ್ನಿಸಿತು. ಬಾಗಿಲ ಮರೆಗೆ ಸರಿದು ನಿಂತು ಕೇಳಿದೆ.

“ಏನ್ರೀ, ಈಗ ನಾ ಏನು ಉಟ್ಟೀನಿ, ಹೇಳ್ರಿ ನೋಡೋಣ.”

ಅವರು ತಟ್ಟೆಯಿಂದ ತಲೆಯೆತ್ತದೆ ತುಸು ಹೊತ್ತು ಯೋಚಿಸಿ, “ಸೀರಿ” ಅಂದರು.

೨. ಹೆಸರುಕಾಳು

ಪ್ಯಾಸೆಂಜರ್ ಗಾಡಿಯ ಗಾರ್ಡ್ ಸಾಹೇಬರಿಗೆ ಹೇಳಿ ಸಿಕಂದರಾಬಾದಿನಿಂದ ಅಂಥದೇ ಡಬ್ಬಿ ತರಿಸಿದೆ. ಕಾಗದ ಇಂಗ್ಲಿಷಿನಲ್ಲಿತ್ತು, ನಮ್ಮವರ ಮುಂದೆ ಹಿಡಿದೆ.

“ಬಟ್ಟ್ಯಾಗ ಸಣ್ಣ ಗುಂಡನ್ನ ವಸ್ತು ಇಟ್ಟು ದಾರದಿಂದ ಬಿಗೀಬೇಕಂತ” ಅಂದರು.

“ಎಂಥಾ ವಸ್ತು?”

“ಸಣ್ಣದು. ಗುಂಡನ್ನದು.”

ಅಷ್ಟಕ್ಕೆ ಅವರ ಆ ದಿನದ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಸಣ್ಣದು, ಗುಂಡಗಿನದು ಅಂದರೆ ಹೆಸರುಕಾಳು. ಬಿಳಿ ಸೀರೆಯ ಉದ್ದಕ್ಕೂ ಒಂದೊಂದು ಕಾಳು ಇಟ್ಟು ದಾರ ಸುತ್ತಿ ಕಟ್ಟುತ್ತ ಹೋದೆ. ಬೆರಳ ತುದಿಗಳು ಬಿರಿದವು. ಎದುರುಮನೆಯಾಕೆ ಕಟ್ಟಿದ್ದು ಉಂಗುರ, ನಾನು ಕಟ್ಟಿದ್ದು ನಕ್ಷತ್ರ ಅಂತ ಸಮಾಧಾನ ಮಾಡಿಕೊಂಡೆ. ಬಣ್ಣಕ್ಕೆ ಹಾಕುವ ಮೊದಲು ಬಟ್ಟೆ ಚೆನ್ನಾಗಿ ನೆನೆದಿರಬೇಕು ಅಂತ ಕಾಗದದಲ್ಲಿತ್ತು. ನೆನೆಸಿ, ಹಿಂಡಿ, ಪಾತ್ರೆಗೆ ತುಂಬಿ ಮುಚ್ಚಿಟ್ಟೆ. ಅಷ್ಟರಲ್ಲಿ ಶಹಾಬಾದಿನಲ್ಲಿ ನಮ್ಮ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಹೋದವಳನ್ನು ತವರಿನವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರು.

ತಿರುಗಿ ಬಂದು ನೋಡುತ್ತೇನೆ, ಸೀರೆ ಹಿತ್ತಲಿನ ಹಗ್ಗದ ಮೇಲೆ ಹಾಲಿನ ಹಾಗೆ ಬೆಳ್ಳಗೆ ಹಾರಾಡುತ್ತಿದೆ. ಒಂದು ಗಂಟಿಲ್ಲ, ಒಂದು ದಾರವಿಲ್ಲ. ಒಳಗೆ ನಮ್ಮವರು ಊಟಕ್ಕೆ ಕೂತು, “ಉಸುಳಿ ಛಲೋ ಅದ” ಅನ್ನುತ್ತಿದ್ದಾರೆ.

ನಮ್ಮ ಅತ್ತೆ ಚಿಂಚೋಳಿ ಕಡೆಯವರು. ಕಣ್ಣಿಗೆ ಪೊರೆ ಬಂದಿತ್ತು, ಕೆಲಸದ ಹುರುಪು ಮಾತ್ರ ಇಳಿದಿರಲಿಲ್ಲ. ನಮ್ಮ ಕಡೆ ಹೆಸರುಕಾಳು ಮೊಳಕೆ ಬರಲಿ ಅಂತ ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು ವಾಡಿಕೆ. ಪಾತ್ರೆಯಲ್ಲಿ ಒದ್ದೆ ಬಟ್ಟೆ, ಬಟ್ಟೆಯಲ್ಲಿ ಮೊಳೆತ ಕಾಳು ಕೈಗೆ ಹತ್ತಿದ ಮೇಲೆ ಅವರಿಗೆ ಇನ್ನೇನು ಸಾಕ್ಷಿ ಬೇಕು? ಮುಂಜಾನೆಯಿಂದ ಕೂತು ಒಂದನ್ನೂ ಬಿಡದೆ ಬಿಚ್ಚಿ, ಕಾಳಿಗೆ ಒಗ್ಗರಣೆ ಕೊಟ್ಟು ಉಸುಳಿ ಮಾಡಿ, ಸೀರೆ ಒಗೆದು ಹಾಕಿದ್ದರು.

“ಕಾಳು ಕಟ್ಟಿಟ್ಟು ಮರ್ತು ಹೋದ್ಯಲ್ಲವ್ವಾ” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹತ್ತಿರ ಬಂದು, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು.

“ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ನಿಮ್ಮ ತವರಮನ್ಯಾಗ ಒಂದೊಂದು ಕಾಳು ಬ್ಯಾರೆಬ್ಯಾರೆ ಕಟ್ತಾರೇನು?”

೩. ಚಿತ್ತಾಪುರದ ಕುಬಸ

ಸೋತೆ ಅಂತ ಸುಮ್ಮನೆ ಕೂರುವ ಜಾತಿಯವಳಲ್ಲ ನಾನು. ಚಿತ್ತಾಪುರದಲ್ಲಿದ್ದ ನಮ್ಮ ಅಕ್ಕನ ಮಗಳಿಗೆ ಕುಬಸದ ಕಾರ್ಯ ಗೊತ್ತಾಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ಇಡಿಸಬೇಕು. ಸೀರೆ ನನ್ನದು, ಅದೂ ನನ್ನ ಕೈಯಿಂದಲೇ ಮಾಡಿದ ಬಾಂಧಣಿ ಅಂತ ಸಾರಿಬಿಟ್ಟೆ. ಊರಿನವರೆಲ್ಲ ಹೊಗಳಿದರೆ ನಮ್ಮವರ ಕಿವಿಗೆ ಬೀಳದೆ ಇರುತ್ತದೆಯೇ?

ಈ ಸಲ ಕಾಳಿನ ತಂಟೆಗೆ ಹೋಗಲಿಲ್ಲ. ಸಣ್ಣ ಬೆಣಚುಕಲ್ಲು ಆರಿಸಿ ಕಟ್ಟಿದೆ. ಕಾಗದದಲ್ಲಿ ಇದ್ದಂತೆಯೇ ಎಲ್ಲ ಮಾಡಿದೆ. ಆದರೂ ಹಸಿರು ಕೆಲವು ಕಡೆ ಹಿಡಿಯಿತು, ಕೆಲವು ಕಡೆ ಹಿಡಿಯುತ್ತೇನೆ ಅಂತ ಹೇಳಿ ಕೈಕೊಟ್ಟಿತು. ದೂರದಿಂದ ನೋಡಿದರೆ ಅಡ್ಡಿಯಿರಲಿಲ್ಲ. ಆದ್ದರಿಂದ ಕಾರ್ಯದ ಮನೆಯಲ್ಲಿ ಎಲ್ಲರನ್ನೂ ದೂರವೇ ಕೂರಿಸಿದೆ.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದೆ. ಹಂದರದ ಕೆಳಗೆ ಮಣೆಯ ಮೇಲೆ ಕೂತ ಹುಡುಗಿ ಬೆವರಿದಳು. ಮುತ್ತೈದೆಯರು ಸುತ್ತುವರಿದು ನಿಂತ ಮೇಲೆ ಇನ್ನಷ್ಟು ಬೆವರಿದಳು. ಆರತಿ ಮುಗಿಯುವ ಹೊತ್ತಿಗೆ ಕುತ್ತಿಗೆ ಹಸಿರಾಯಿತು, ಮೊಣಕೈ ಹಸಿರಾಯಿತು. ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡಳು, ಅದೊಂದು ಉಳಿದಿತ್ತು, ಅದೂ ಆಯಿತು.

ಒಬ್ಬ ಮುದುಕಿ ಆರತಿ ತಟ್ಟೆ ಕೆಳಗಿಟ್ಟು, “ಬಸುರಿಗಿ ಹಸರು ಸೀರಿ ಉಡಸಾದು ಭಾಳ ನೋಡೀನವ್ವಾ. ಬಸುರೀನೇ ಹಸರು ಮಾಡಿದ್ದು ಇದೇ ಮೊದಲು ನೋಡಾದು” ಅಂದಳು.

ಹುಡುಗಿ ನಕ್ಕಳು, ಅಕ್ಕ ನಕ್ಕಳು, ಹಂದರವೇ ನಕ್ಕಿತು. ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ಹುಡುಗಿಯ ಅತ್ತೆ ನನ್ನ ಪಕ್ಕ ಸರಿದು ಭಾಳ ಮರ್ಯಾದೆಯಿಂದ ಒಂದು ಮಾತು ಹೇಳಿದರು.

“ಅಲ್ರಿ ಅಕ್ಕೋರೆ, ವಾಡ್ಯಾಗ ಡ್ರೈವರ್ ಸಾಹೇಬ್ರ ಮನಿಯವ್ರು ಭಾಳ ಛಂದ ಬಣ್ಣ ಹಾಕ್ತಾರಂತ. ನಿಮಗ ಅವರ ಗುರ್ತು ಇಲ್ಲೇನು?”

ಆಕೆಯ ಹೆಸರು ನನಗಿಂತ ಮೊದಲೇ ಚಿತ್ತಾಪುರ ಮುಟ್ಟಿತ್ತು, ಅದೂ ಟಿಕೀಟಿಲ್ಲದೆ.

೪. ಹೆಪ್ಪು

ಅದೇ ಡಬ್ಬಿ, ಅದೇ ಪುಡಿ, ಅದೇ ದಾರ. ಆಕೆಗೆ ಹಿಡಿದ ಬಣ್ಣ ನನಗೇಕೆ ಹಿಡಿಯುವುದಿಲ್ಲ? ಏನೋ ಗುಟ್ಟಿದೆ ಅಂತ ತೀರ್ಮಾನಿಸಿದೆ. ಗುಟ್ಟು ತಿಳಿಯಬೇಕಾದರೆ ಆಕೆಯ ಹಿತ್ತಲು ನೋಡಬೇಕು, ಹಿತ್ತಲು ನೋಡಬೇಕಾದರೆ ಒಂದು ನೆವ ಬೇಕು. ಬಟ್ಟಲು ಹಿಡಿದು ಹೆಪ್ಪು ಬೇಡಲು ಹೋದೆ.

ಆಕೆ ಕೆಟ್ಟವಳಾಗಿದ್ದರೆ ಮನಸ್ಸಿನಲ್ಲೇ ಬೈದು ಹಗುರಾಗಬಹುದಿತ್ತು. ಅದೂ ನನ್ನ ನಸೀಬಿನಲ್ಲಿರಲಿಲ್ಲ. ಸೇಡಮ್ ಕಡೆಯ ಹೆಣ್ಣು, ತುಂಬಿದ ಮುಖ, ತುಂಬಿದ ಕೈ. ಹೆಪ್ಪು ಕೇಳಿದರೆ ಗಟ್ಟಿ ಮೊಸರನ್ನೇ ಹಾಕಿಕೊಟ್ಟು, ಮೇಲೆ ಎರಡು ಚಕ್ಕುಲಿಯನ್ನೂ ಇಡುವಳು. ಆ ಚಕ್ಕುಲಿಗಳೂ ನನ್ನವಕ್ಕಿಂತ ಚೆನ್ನಾಗಿದ್ದವು. ಮುಂಜಾನೆ ಹೋದೆ, ಸಂಜೆ ಹೋದೆ, ಮರುದಿನ ಮತ್ತೆ ಹೋದೆ. ನಮ್ಮ ಮನೆಯಲ್ಲಿ ಹಾಲಿಗಿಂತ ಹೆಪ್ಪೇ ಹೆಚ್ಚಾಯಿತು.

ಕೊನೆಗೆ ಆಕೆಯೇ ಕೇಳಿದಳು, “ವೈನಿ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮನ್ಯಾಗ ಎಮ್ಮಿ ಏನರ ಕಟ್ಟೀರೇನು?”

ನಾನು ಏನೋ ತೊದಲುತ್ತಿದ್ದಾಗಲೇ ಹಿತ್ತಲ ಬಾಗಿಲಿನಿಂದ ಒಂದು ಬಕೀಟು ಒಳಗೆ ಬಂತು. ಅದರಿಂದ ಹಬೆ ಏಳುತ್ತಿತ್ತು. ಹಿಂದೆ ಮಸಿ ಹತ್ತಿದ ಕೈ, ಅದರ ಹಿಂದೆ ಡ್ರೈವರ್ ಸಾಹೇಬರು. ಇಂಜಿನ್ ನಿಲ್ಲಿಸುವ ಲೋಕೋ ಶೆಡ್ಡು ನಮ್ಮ ಕ್ವಾರ್ಟರ್ಸಿನ ಬೆನ್ನಿಗೇ ಇತ್ತು.

“ಇದೇನ್ರಿ ವೈನಿ?” ಅಂದೆ.

“ಇಂಜಿನ್ ನೀರು, ವೈನಿ. ನಮ್ಮ ನಳದ ನೀರು ನಿಮಗ ಗೊತ್ತಲ್ಲ, ಬರೇ ಸುಣ್ಣ, ಬಣ್ಣ ಹಿಡಿಯಂಗಿಲ್ಲ. ಇಂಜಿನ್ನಿಗಿ ಸೋಡಾ ಹಾಕಿ ಹದ ಮಾಡಿದ ನೀರು ಹಾಕ್ತಾರ. ಅದರಾಗ ಅದ್ದಿದ್ರ ಬಣ್ಣ ಗಟ್ಟಿ ಕೂಡ್ತದ. ನಿಮಗೂ ಒಂದು ಬಕೀಟು ತರಸ್ಲೇನು?”

ನೋಡಿ, ಗುಟ್ಟನ್ನೂ ಮುಚ್ಚಿಡಲು ಬಾರದ ಹೆಂಗಸು! ನಾನು ಇಷ್ಟು ದಿನ ಹೆಪ್ಪು ಹೊತ್ತದ್ದು ದಂಡವಾಯಿತು. ಆಕೆಯ ನೀರಿನಲ್ಲಿ ನನ್ನ ಸೀರೆ ಅದ್ದುವುದೇ? ಪ್ರಾಣ ಹೋದರೂ ಬೇಡ.

“ಬ್ಯಾಡ್ರಿ. ನಮ್ಮನಿಯವ್ರೂ ಸ್ಟೇಷನ್ನಿನಾಗೇ ಇದ್ದಾರಲ್ಲ” ಅಂತ ಗತ್ತಿನಿಂದ ಹೇಳಿ ಮನೆಗೆ ಬಂದೆ. ಬಂದವಳೇ ನಮ್ಮವರನ್ನು ಹಿಡಿದೆ.

“ಅವರು ಡೂಟಿಯಿಂದ ಬರುವಾಗ ಇಂಜಿನ್ ನೀರು ತರ್ತಾರ. ನೀವು ಏನು ತರಬಲ್ಲಿರಿ?”

ನಮ್ಮವರು ಪ್ರಾಮಾಣಿಕವಾಗಿ ಯೋಚಿಸಿ, “ಟಿಕೀಟು” ಅಂದರು.

೫. ಪಾಳಿ

ನೀರು ತನ್ನಿ ಅಂದೆ, ಆಗುವುದಿಲ್ಲ ಅಂದರು. ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆಂದು ಅವರಿಗೆ ತಿಳಿಯಲಿಲ್ಲ. ಮನೆ ಇತ್ತೀಚೆಗೆ ಶಾಂತವಾಗಿದೆ ಅಂತ ಸುಖವಾಗಿದ್ದರು. ಆಗ ಶೇಂಗಾಹಿಂಡಿ, ಅದೇ ಚಟ್ನಿಪುಡಿ, ಕುಟ್ಟುವುದನ್ನು ಬಿಟ್ಟೆ. ರೊಟ್ಟಿಯ ಜೊತೆ ಹಿಂಡಿ ಇಲ್ಲದಿರುವುದು ಮೊದಲ ತುತ್ತಿಗೇ ತಿಳಿಯಿತು. ಮರುದಿನವೇ ಬಕೀಟು ಹಿಡಿದರು.

ಎದುರುಮನೆಯಾಕೆ ಆಗ ಸೇಡಮ್ಮಿನ ತವರಿಗೆ ಹೋಗಿದ್ದಳು, ಆಕೆಯ ಯಜಮಾನರು ಬೇರೊಂದು ಗಾಡಿಯ ಮೇಲಿದ್ದರು. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಪ್ಯಾಸೆಂಜರ್ ಬರುವ ಮೊದಲೇ ನಮ್ಮವರು ಟಿಕೀಟಿನ ಕಿಟಕಿ ಮುಚ್ಚಿ, ಇಂಜಿನ್ ನಿಲ್ಲುವ ತುದಿಗೆ ಹೋಗಿ, ಬಕೀಟನ್ನು ಬೆನ್ನ ಹಿಂದೆ ಅಡಗಿಸಿ ನಿಂತರು. ಯಾರಾದರೂ ಕೇಳಿದರೆ ಆಫೀಸಿನ ನೆಲ ತೊಳೆಯಲು ಅಂತ ಹೇಳಿರಿ ಎಂದು ನಾನೇ ಪಾಠ ಹೇಳಿಕೊಟ್ಟಿದ್ದೆ.

ಯಾರೂ ಕೇಳಲಿಲ್ಲ. ಆದರೆ ಟಿಕೀಟಿಗೆ ಕಾಯುತ್ತಿದ್ದ ಜನ ನೋಡಿದರು. ಕಿಟಕಿ ಮುಚ್ಚಿದೆ, ಸಾಹೇಬರು ಅಲ್ಲಿ ದೂರದಲ್ಲಿ ನಿಂತಿದ್ದಾರೆ. ಒಬ್ಬ ರೈತ ಹೋಗಿ ಅವರ ಹಿಂದೆ ನಿಂತ. ಅವನ ಹಿಂದೆ ಅವನ ಹೆಂಡತಿ ನಿಂತಳು. ಒಂದು ಪಾಳಿ ಕಂಡರೆ ಅದರ ತುದಿಗೆ ಹೋಗಿ ನಿಲ್ಲುವುದು ಮನುಷ್ಯ ಸ್ವಭಾವ. ಗಾಡಿ ಬರುವಷ್ಟರಲ್ಲಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಪಾಳಿ. ನಮ್ಮವರಿಗೆ ಹಿಂದೆ ನೋಡುವ ಧೈರ್ಯವಿಲ್ಲ. ಇಂಜಿನ್ನಿನವನು ಬದಿಯ ಕೊಳವೆ ತಿರುವಿದ, ಕುದಿನೀರು ಬಕೀಟಿಗೆ ಬಿತ್ತು, ಬುಸ್ ಅಂತ ಹಬೆ ಎದ್ದಿತು. ಬಕೀಟು ಎತ್ತಿಕೊಂಡು ಅವರು ತಿರುಗಿದರೆ, ಹಬೆಯ ಒಳಗಿಂದಲೇ ಒಂದು ಕೈ ಮುಂದೆ ಬಂತು.

“ಮಳಖೇಡ ರೋಡಿಗಿ ಎರಡು ಕೊಡ್ರಿ ಸಾಹೇಬ್ರ. ನೀರು ಬ್ಯಾಡ.”

೬. ಅಂಗಿ

ಅಂತೂ ನೀರು ಬಂತು. ಹಿತ್ತಲಿನಲ್ಲಿ ಬಟ್ಟೆ ನೆನೆಸುವ ತಗಡಿನ ಕಲಾಯಿ ಬುಟ್ಟಿಗೆ ಸುರಿದು, ನೀಲಿ ಪುಡಿ ಕದಡಿದೆ. ನವಿಲಿನ ಕುತ್ತಿಗೆಯ ನೀಲಿ. ಇದಕ್ಕೆ ಹಿಡಿಯದ ಬಣ್ಣ ಇನ್ನಾವುದಕ್ಕೂ ಹಿಡಿಯುವುದಿಲ್ಲ ಅಂತ ಉಬ್ಬಿದೆ. ಗಂಟು ಕಟ್ಟಿಟ್ಟ ಸೀರೆ ತರಲು ಒಳಗೆ ಹೋದೆ. ಅಲ್ಲೊಂದು ದಾರ ಸಡಿಲಾಗಿತ್ತು, ಇಲ್ಲೊಂದು ಸಡಿಲಾಗಿತ್ತು, ಬಿಗಿಯುತ್ತ ತುಸು ತಡವಾಯಿತು. ಬಂದು ಸೀರೆಯನ್ನು ಬುಟ್ಟಿಯಲ್ಲಿ ಒತ್ತಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿದೆ. ನೀರಿನ ಬಣ್ಣ ಯಾಕೋ ತುಸು ತೆಳ್ಳಗಾದಂತೆ ಕಂಡಿತು. ಹಬೆಯ ಭ್ರಮೆ ಅಂದುಕೊಂಡೆ.

ತೆಗೆದು ನೋಡಿದರೆ ಸೀರೆ ಬೂದಿಗೂ ನೀಲಿಗೂ ನಡುವೆ ಎಲ್ಲೋ ನಿಂತಿತ್ತು. ನನ್ನ ಕಣ್ಣು ತುಂಬಿ ಬಂತು. ಇಂಜಿನ್ ನೀರೂ ಆಕೆಯ ಪಕ್ಷವೇ! ಬುಟ್ಟಿ ಬಗ್ಗಿಸಿದೆ. ತಳದಿಂದ ಇನ್ನೊಂದು ಗಂಟು ಉರುಳಿ ಬಂತು.

“ನಾನೇ ಹಾಕಿದ್ದೆವ್ವಾ” ಅಂದರು ಅತ್ತೆ, ಕಟ್ಟೆಯ ಮೇಲಿಂದ. “ಅಗಸ ಬರಲಿಲ್ಲ. ಸೋಡಾದ ಬಿಸಿನೀರು ತಂದು ಇಟ್ಟೀದಿ, ದಂಡ ಆಗಬಾರ್ದಂತ ನಿನ್ನ ಗಂಡನ ಅಂಗಿ ಗಂಟು ಹಂಗೇ ನೆನಿಲಿಕ್ಕಿ ಹಾಕಿದೆ.”

ಅಗಸನಿಗೆ ಕೊಡಲು ಅತ್ತೆ ಬಟ್ಟೆಯನ್ನು ಹಿಂಡಿ ಹಿಂಡಿ ಸುತ್ತಿ, ತೋಳಿಗೆ ತೋಳು ಗಂಟು ಹಾಕಿ, ಮೇಲೊಂದು ಹಗ್ಗ ಬಿಗಿಯುತ್ತಿದ್ದರು. ಡ್ಯೂಟಿಯ ಬಿಳಿ ಅಂಗಿಗಳೆಲ್ಲ ಅದರಲ್ಲಿದ್ದವು. ಹಗ್ಗ ಕಿತ್ತು ಬಿಚ್ಚಿದೆ. ಒಂದು ಅಂಗಿಯನ್ನು ಕೊಡವಿ ಹಿಡಿದೆ.

ಏನು ಹೇಳಲಿ! ನವಿಲಿನ ನೀಲಿ, ಅದರ ಮೇಲೆ ಬಿಳಿ ಮೋಡ ಒಡೆದಂತೆ ಗೆರೆಗಳು, ತೋಳಿನ ಮೇಲೆ ನಾನು ಕನಸಿನಲ್ಲೂ ಕಟ್ಟಲಾರದ ಉಂಗುರಗಳು. ಇಷ್ಟು ದಿನ ನಾನು ಬೆರಳು ಹರಿದುಕೊಂಡು ಮಾಡಲಾರದ್ದನ್ನು ಪೊರೆ ಬಂದ ಕಣ್ಣಿನ ನಮ್ಮ ಅತ್ತೆ ಅಗಸನಿಗಾಗಿ ಮಾಡಿಬಿಟ್ಟಿದ್ದರು. ಆ ಕ್ಷಣ ನನಗೆ ಅತ್ತೆಯ ಮೇಲೂ ಹೊಟ್ಟೆಕಿಚ್ಚಾಯಿತು. ಇರುವುದನ್ನು ಇದ್ದ ಹಾಗೆ ಹೇಳಬೇಕು.

ಮರುದಿನ ತೊಡಲು ಬೇರೆ ಅಂಗಿ ಇರಲಿಲ್ಲ. ನಮ್ಮವರು ನೀಲಿ ಅಂಗಿ ತೊಟ್ಟು, ನನ್ನ ಕಡೆ ಒಮ್ಮೆ ನೋಡಿ, ನೇಣಿಗೆ ಹೋಗುವವರಂತೆ ಡ್ಯೂಟಿಗೆ ಹೋದರು. ದಿನವಿಡೀ ನನ್ನ ಜೀವದಲ್ಲಿ ಜೀವ ಇರಲಿಲ್ಲ. ಸಂಜೆ ಅಂಗಳದಲ್ಲಿ ಚಪ್ಪಲಿ ಕಾಣುವ ಮೊದಲೇ ಸಿಳ್ಳೆ ಕೇಳಿಸಿತು. ನಮ್ಮವರು ಸಿಳ್ಳೆ ಹಾಕುತ್ತ ಬರುತ್ತಿದ್ದರು! ಟಿಕೀಟಿನ ಕಿಟಕಿಯಲ್ಲಿ ಕಾಣುವುದೇ ಎದೆಯಷ್ಟು. ಅದು ಕಟ್ಟು ಹಾಕಿದ ಚಿತ್ರದಂತೆ ಕಂಡು ಜನ ಊರಿನ ಹೆಸರು ಮರೆತು ಅಂಗಿ ನೋಡುತ್ತ ನಿಂತರಂತೆ. ಸಿಕಂದರಾಬಾದಿಗೆ ಹೋಗುತ್ತಿದ್ದ ಒಬ್ಬ ಹೆಂಗಸು ಎಲ್ಲಿ ಸಿಗುತ್ತದೆ ಅಂತ ಕೇಳಿದಳಂತೆ. ಇಷ್ಟನ್ನೂ ಅವರೇ, ನಾನು ಕೇಳದೆ, ಸಾಲುಸಾಲಾಗಿ ಹೇಳಿದರು. ಹೇಳಿ ಕನ್ನಡಿಯ ಮುಂದೆ ನಿಂತು, ಈ ಕಡೆ ಹೊರಳಿ, ಆ ಕಡೆ ಹೊರಳಿ, “ಛಲೋ ಅದ” ಅಂದರು.

ನಾನು ಆ ಬೂದಿ ಬಣ್ಣದ ಸೀರೆಯ ಮಡಿಕೆಯನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ. ಒಂದು ಹೆಜ್ಜೆ ಮುಂದೆ ಬಂದೆ.

“ಏನು? ನನ್ನ ಸೀರೇನ್ರೀ?”

“ಅಂಗಿ” ಅಂದರು.

ಅಳಬೇಕೋ ನಗಬೇಕೋ ತಿಳಿಯದೆ ನಿಂತಾಗ ಮಣಿಪರದೆ ಅಲುಗಿತು. ಎದುರುಮನೆಯಾಕೆ. ತವರಿನಿಂದ ಆಗಲೇ ಬಂದಿದ್ದಳು. ಕೈಯಲ್ಲಿ ಖಾಲಿ ಬಟ್ಟಲು.

“ವೈನಿ, ಒಂದೀಟು ಹೆಪ್ಪು ಇತ್ತೇನ್ರಿ?”

ಅವರ ಮನೆಯಲ್ಲಿ ಹೆಪ್ಪಿಗೆ ಬರವೇ? ಬಾಯಿ ಹೆಪ್ಪು ಕೇಳುತ್ತಿತ್ತು, ಕಣ್ಣು ನಮ್ಮ ಹಿತ್ತಲು ಹುಡುಕುತ್ತಿತ್ತು. ಆ ಕಣ್ಣು ನನಗೆ ಚೆನ್ನಾಗಿ ಗೊತ್ತು. ಎಷ್ಟೋ ದಿನ ಅದನ್ನು ನಾನೇ ಇಟ್ಟುಕೊಂಡು ಆಕೆಯ ಮನೆಗೆ ಹೋಗಿದ್ದೆ. ಗಟ್ಟಿ ಮೊಸರು ಹಾಕಿದೆ. ಮೇಲೆ ಎರಡು ಚಕ್ಕುಲಿ ಇಟ್ಟೆ. ಆಕೆ ಹೊರಡಲಿಲ್ಲ.

“ನಮ್ಮನಿಯವ್ರು ಸ್ಟೇಷನ್ನಿನಾಗ ನೋಡ್ಯಾರ, ವೈನಿ. ಬಂದು ಊಟಕ್ಕ ಕೂತಾರ, ಬುಕಿಂಗ್ ಸಾಹೇಬ್ರ ಅಂಗಿ ಛಲೋ ಅದ, ಅಂಥಾದ್ದು ಮಾಡು ಅಂತ ಒಂದೇ ಸಮ ಹಟ ಹಿಡದಾರ. ನಾ ಎಷ್ಟು ಸೀರಿ ಮಾಡೀನಿ, ಒಂದಕ್ಕರ ಛಲೋ ಅದ ಅಂದವ್ರಲ್ಲ.” ಆಕೆಯ ದನಿ ಸಣ್ಣದಾಯಿತು. “ಯಾವ ನೀರು ಹಾಕಿದ್ರಿ?”

ಒಂದು ಗಳಿಗೆ ಕರುಣೆ ಬಂತು. ಬಂದು ಹೋಯಿತು.

“ನಮ್ಮನ್ಯಾಗ ಇಂಜಿನ್ ಎಲ್ಲಿಂದ ಬರಬೇಕ್ರಿ, ವೈನಿ?” ಅಂದೆ. “ನಳದ ನೀರು.”

ಆಕೆ ಬಟ್ಟಲು ಹಿಡಿದು ಹೋದಳು. ಸ್ವಲ್ಪ ಹೊತ್ತಿಗೆ ಎದುರಿನ ಹಿತ್ತಲಲ್ಲಿ ನಳ ಸುರಿಯುವ ಸದ್ದು ಕೇಳಿಸಿತು. ಭಾಳ ಹೊತ್ತು ಸುರಿಯಿತು. ನಾನು ಕಿವಿ ತುಂಬ ಕೇಳಿದೆ.

ಬಕೀಟು ಹಿಡಿದು ಇಡೀ ಪ್ಲಾಟ್‌ಫಾರ್ಮಿನ ಮುಂದೆ ಮಾನ ಕಳೆದುಕೊಂಡಿದ್ದ ನಮ್ಮವರು ಕನ್ನಡಿ ಬಿಟ್ಟು ತಿರುಗಿದರು. ಮದುವೆಯಾದಂದಿನಿಂದ ಮೊದಲ ಸಲ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮುಖದಲ್ಲಿ ನಗು ಒಡೆಯಿತು.

“ನೀನೂ ಭಾಳ ಛಲೋ ಇದ್ದೀ ಬಿಡು” ಅಂದರು.

ಆ ಸಂತೋಷದಲ್ಲಿ ಅಂದು ನಾನು ಏನುಟ್ಟಿದ್ದೆ ಎಂಬುದೇ ಮರೆತುಹೋಯಿತು. ಮುಂದೆ ಎಷ್ಟೋ ಸಲ ನೆನಪು ಮಾಡಿಕೊಂಡೆ, ಆಗಲಿಲ್ಲ. ಅಷ್ಟು ದಿಟ್ಟಿಸಿ ನೋಡಿದವರು ಅವರು, ಅವರಿಗಾದರೂ ನೆನಪಿರಬೇಕು ಅಂತ ಒಂದು ದಿನ ಕೇಳಿಯೇಬಿಟ್ಟೆ.

“ಏನ್ರೀ, ನನಗ ಛಲೋ ಇದ್ದೀ ಅಂದ ದಿನ ನಾ ಏನು ಉಟ್ಟಿದ್ದೆ?”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಭಾಳ ಹೊತ್ತು ನೆನಪು ಮಾಡಿಕೊಂಡರು.

“ಸೀರಿ” ಅಂದರು.